ಸಹಪಾಠಿನಿಯರ ಸಮ್ಮಿಲನ: ಹುಡುಕುವ ಬಗೆ, ಕೂಡಿಸುವ ಬಗೆ

ಪುರುಷರು ತಮ್ಮ ಹಳೆಯ ಸಹಪಾಠಿಗಳನ್ನು ಒಂದೆಡೆ ಕೂಡಿಸಬೇಕೆಂದು ಸಂಕಲ್ಪಿಸಿದಾಗ ಅವರ ಶ್ರಮದ ಬಹುಭಾಗವು ದಿನವನ್ನು ಗೊತ್ತುಮಾಡುವುದರಲ್ಲಿಯೂ ಛತ್ರವನ್ನು ಹಿಡಿಯುವುದರಲ್ಲಿಯೂ ಅಡುಗೆಯವರಿಗೆ ಹೇಳುವುದರಲ್ಲಿಯೂ ತೀರಿಹೋಗುತ್ತದೆ. ಏಕೆಂದರೆ ಓದುವ ಕಾಲದಲ್ಲಿ ಅವರಿಗಿದ್ದ ಹೆಸರೇ ಇಂದಿಗೂ ಇರುತ್ತದೆ, ಊರು ಬಿಟ್ಟವನ ಮನೆಯಾದರೂ ಊರಿನಲ್ಲಿಯೇ ಇರುತ್ತದೆ, ಪೇಟೆಯ ಅಂಗಡಿಯೊಂದರ ಮುಂದೆ ನಿಂತು ಕೇಳಿದರೆ ಯಾರಾದರೊಬ್ಬರು ಸುಳಿವು ಕೊಡುತ್ತಾರೆ. ಮಹಿಳಾ ಕಾಲೇಜಿನ ಒಂದು ತರಗತಿಯ ವಿಷಯದಲ್ಲಿ ಇದಾವುದೂ ಸಲ್ಲದು. ಪದವಿಯ ಪರೀಕ್ಷೆ ಮುಗಿದ ವರ್ಷದಲ್ಲಿಯೋ, ಎಷ್ಟೋ ವೇಳೆ ಅದಕ್ಕೂ ಮೊದಲೇ, ವಿವಾಹವಾಗಿ, ತಂದೆಯ ಹೆಸರಿನ ಮೊದಲಕ್ಷರವಿದ್ದೆಡೆಗೆ ಪತಿಯ ಹೆಸರು ಬಂದು, ಅರಕಲಗೂಡಿನ ಕಡೆಯ ಹಳ್ಳಿಯ ಹುಡುಗಿ ತಿಪಟೂರಿನ ಸೊಸೆಯಾಗಿ, ಅಲ್ಲಿಂದ ಪತಿಯ ಉದ್ಯೋಗವನ್ನು ಅನುಸರಿಸಿ ಬೆಂಗಳೂರಿಗೋ ಮುಂಬಯಿಗೋ ತೆರಳಿದ ಮೇಲೆ, ಒಂದೇ ಬೆಂಚಿನಲ್ಲಿ ಮೂರು ವರ್ಷ ಕುಳಿತವಳಿಗೂ ಅವಳ ವಿಳಾಸ ತಿಳಿಯದಂತಾಗುತ್ತದೆ. ಆದುದರಿಂದ ಸಹಪಾಠಿನಿಯರ ಸಮ್ಮಿಲನವು ಮೊದಲು ಅನ್ವೇಷಣೆಯ ಕಾರ್ಯ, ಅನಂತರವೇ ಸಮಾರಂಭದ ಕಾರ್ಯ. ಈ ಕ್ರಮವನ್ನು ಮರೆತು ಮೊದಲೇ ಛತ್ರಕ್ಕೆ ಮುಂಗಡ ಕೊಟ್ಟವರು ಕೊನೆಗೆ ತಮಗೆ ಮೊದಲಿನಿಂದಲೂ ಪರಿಚಯವಿದ್ದ ಹತ್ತು ಹನ್ನೆರಡು ಮಂದಿಯನ್ನೇ ಮತ್ತೊಮ್ಮೆ ಕಂಡು ಬರುತ್ತಾರೆ.

ಹಾಸನದ ಸೀಮೆಯಲ್ಲಿ ಈ ಕಾರ್ಯಕ್ಕೆ ಒಳ್ಳೆಯ ಆಧಾರಗಳಿವೆ. 1881ರಲ್ಲಿ ಮೈಸೂರಿನಲ್ಲಿ ಮಹಾರಾಣಿಯವರ ಹೆಸರಿನ ಬಾಲಿಕಾ ಪಾಠಶಾಲೆಯು ತೆರೆದು, ಅದೇ ಮುಂದೆ ಕಾಲೇಜಾಗಿ ಬೆಳೆದ ದಿನಗಳಿಂದ ಹೆಣ್ಣುಮಕ್ಕಳ ಉಚ್ಚಶಿಕ್ಷಣವೆಂದರೆ ಮೈಸೂರಿಗೆ ಹೋಗುವುದೆಂಬ ಭಾವನೆ ಈ ಕಡೆ ಬಹುಕಾಲ ಇದ್ದಿತಷ್ಟೆ. ಹಾಸನದಲ್ಲಿಯೇ ಸರ್ಕಾರಿ ಗೃಹವಿಜ್ಞಾನ ಕಾಲೇಜೂ ಎ.ವಿ. ಕಾಂತಮ್ಮ ಮಹಿಳಾ ಕಾಲೇಜೂ ನೆಲೆಗೊಂಡು, ಹೊಳೆನರಸೀಪುರದಲ್ಲಿಯೂ ಸರ್ಕಾರಿ ಮಹಿಳಾ ಪ್ರಥಮ ದರ್ಜೆ ಕಾಲೇಜು ಆರಂಭವಾದ ಮೇಲೆ, ಚನ್ನರಾಯಪಟ್ಟಣದ ಬಯಲಿನಿಂದಲೂ ಅರಕಲಗೂಡಿನ ಮಲೆಯ ಸೆರಗಿನಿಂದಲೂ ಬೆಳಗಿನ ಬಸ್ಸು ಹಿಡಿದು ಬಂದು ಸಂಜೆಯ ಬಸ್ಸಿಗೆ ಮರಳುವ ಹುಡುಗಿಯರ ಒಂದು ತಲೆಮಾರೇ ರೂಪುಗೊಂಡಿತು. ಈ ಕಾಲೇಜುಗಳು ದೀರ್ಘಕಾಲ ಮೈಸೂರು ವಿಶ್ವವಿದ್ಯಾನಿಲಯಕ್ಕೆ ಸೇರಿದ್ದುವು. ಹಾಸನದಲ್ಲಿದ್ದ ಅದರ ಸ್ನಾತಕೋತ್ತರ ಕೇಂದ್ರ ಹೇಮಗಂಗೋತ್ರಿಯು ಪ್ರತ್ಯೇಕ ಹಾಸನ ವಿಶ್ವವಿದ್ಯಾನಿಲಯವಾದುದು 2023ರಲ್ಲಿ. ಅಂಕಪಟ್ಟಿ, ಪದವಿಪತ್ರಗಳ ದಾಖಲೆ ಎಲ್ಲಿಯೇ ಇರಲಿ, ಸಮ್ಮಿಲನವನ್ನು ಏರ್ಪಡಿಸುವವರಿಗೆ ಬೇಕಾದ ದಾಖಲೆ ಕಾಲೇಜಿನ ಕಚೇರಿಯ ಬೀರುವಿನಲ್ಲಿಯೇ ಇರುತ್ತದೆ.

ಆ ದಾಖಲೆ ಯಾವುದೆಂಬಲ್ಲಿಯೇ ಬಹುಮಂದಿ ಎಡವುವುದು. ಸಾಮಾನ್ಯವಾಗಿ ಎಲ್ಲರೂ ಕೈಗೆತ್ತಿಕೊಳ್ಳುವುದು ಅಂತಿಮ ವರ್ಷದ ಬೀಳ್ಕೊಡುಗೆಯ ದಿನ ತೆಗೆಸಿದ ಗುಂಪುಚಿತ್ರವನ್ನು. ಅದರಲ್ಲಿ ಸಾಲುಸಾಲಾಗಿ ನಿಂತವರ ಹೆಸರುಗಳನ್ನು ಜ್ಞಾಪಿಸಿಕೊಂಡು ಪಟ್ಟಿ ಮಾಡಿ, ಪಟ್ಟಿ ಪೂರ್ಣವಾಯಿತೆಂದು ತೃಪ್ತಿಪಡುತ್ತಾರೆ. ಆದರೆ ಆ ಚಿತ್ರದಲ್ಲಿ ನಿಲ್ಲದೆ ಹೋದವರೇ ಹೆಚ್ಚಾಗಿ ನಮ್ಮನ್ನು ಕಾಣಲು ಹಂಬಲಿಸುವವರು. ಮೊದಲ ವರ್ಷದ ನಡುವೆ ಲಗ್ನ ನಿಶ್ಚಯವಾಗಿ ಕಾಲೇಜು ಬಿಟ್ಟವಳು, ತಂದೆ ತೀರಿಕೊಂಡುದರಿಂದ ತಮ್ಮಂದಿರನ್ನು ನೋಡಿಕೊಳ್ಳಲು ಊರಿಗೆ ಹಿಂದಿರುಗಿದವಳು, ಒಂದು ವಿಷಯದಲ್ಲಿ ಅನುತ್ತೀರ್ಣಳಾಗಿ ಮತ್ತೆ ಪರೀಕ್ಷೆಗೆ ಕುಳಿತುಕೊಳ್ಳಲಾರದೆ ಹೋದವಳು, ಇವರೆಲ್ಲ ತಾವು ಆ ತರಗತಿಗೆ ಸೇರಿದವರೇ ಅಲ್ಲವೆಂದು ಭಾವಿಸಿಕೊಂಡು ಇಷ್ಟು ವರ್ಷ ದೂರ ಉಳಿದಿರುತ್ತಾರೆ. ಹೀಗಿರುವುದರಿಂದ ಪಟ್ಟಿಯು ಮೊದಲ ವರ್ಷದ ಪ್ರವೇಶದ ರಿಜಿಸ್ಟರಿನಿಂದ ಹುಟ್ಟಬೇಕೇ ಹೊರತು ಕಡೆಯ ವರ್ಷದ ಚಿತ್ರದಿಂದಲ್ಲ. ಈ ಒಂದು ನಿರ್ಧಾರವನ್ನು ಕೈಕೊಂಡರೆ ಸಮ್ಮಿಲನದ ಸ್ವರೂಪವೇ ಬೇರೆಯಾಗುವುದೆಂದು ನಾನು ದೃಢವಾಗಿ ನಂಬಿದ್ದೇನೆ. ಉಳಿದ ಸಲಹೆಗಳನ್ನು ಓದುಗರು ಒಪ್ಪಲಿ, ಬಿಡಲಿ, ಇದನ್ನು ಮಾತ್ರ ಬಿಡಬಾರದು.

ರಿಜಿಸ್ಟರನ್ನು ನೋಡಲು ಪ್ರಾಂಶುಪಾಲರಿಗೆ ಬರವಣಿಗೆಯಲ್ಲಿ ಮನವಿ ಸಲ್ಲಿಸತಕ್ಕದ್ದು. ಅರ್ಜಿಯಲ್ಲಿ ತರಗತಿ, ವಿಭಾಗ, ಪ್ರವೇಶದ ವರ್ಷ, ಮನವಿ ಸಲ್ಲಿಸುವವರು ಅಲ್ಲಿ ಓದಿದುದಕ್ಕೆ ಆಧಾರವಾಗಿ ಅಂಕಪಟ್ಟಿಯ ಪ್ರತಿ, ಇಷ್ಟಿದ್ದರೆ ಸಾಕು. ಪ್ರವೇಶ ಮತ್ತು ಪರೀಕ್ಷೆಗಳ ಗಡಿಬಿಡಿಯ ದಿನಗಳಲ್ಲಿ ಹೋಗಿ ಗುಮಾಸ್ತರನ್ನು ಪೀಡಿಸಬಾರದು. ರಿಜಿಸ್ಟರಿನಲ್ಲಿ ಜಾತಿ, ವರಮಾನ, ಜನ್ಮದಿನಾಂಕ ಮೊದಲಾದ ಅಂಕಣಗಳೂ ಇರುವುದರಿಂದ ಅದರ ಪುಟಗಳನ್ನು ಮೊಬೈಲಿನಲ್ಲಿ ಚಿತ್ರಿಸಿಕೊಂಡು ಬರುವುದು ಸರಿಯಲ್ಲ. ಹೆಸರು, ತಂದೆಯ ಹೆಸರು, ಊರು ಈ ಮೂರನ್ನು ಮಾತ್ರ ಕೈಯಿಂದ ಬರೆದುಕೊಳ್ಳುವುದು ಉಚಿತ. ಕಾಲೇಜಿನವರು ಇಂಥ ಮನವಿಯನ್ನು ಉಪದ್ರವವೆಂದು ಭಾವಿಸುವರೋ ಎಂಬ ಸಂಕೋಚ ಬೇಡ. 1994ರಲ್ಲಿ ಸ್ಥಾಪಿತವಾಗಿ ಬೆಂಗಳೂರಿನಲ್ಲಿ ಕೇಂದ್ರಕಚೇರಿಯನ್ನುಳ್ಳ ನ್ಯಾಕ್ ಸಂಸ್ಥೆಯು ಕಾಲೇಜುಗಳ ಗುಣಮಟ್ಟವನ್ನು ಅಳೆಯುವಾಗ ಹಳೆಯ ವಿದ್ಯಾರ್ಥಿಗಳ ಸಂಘದ ಚಟುವಟಿಕೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವುದರಿಂದ, ಹಳೆಯ ವಿದ್ಯಾರ್ಥಿನಿಯರು ತಾವಾಗಿ ಬಾಗಿಲಿಗೆ ಬಂದರೆ ಪ್ರಾಂಶುಪಾಲರು ಸಾಮಾನ್ಯವಾಗಿ ಸಂತೋಷವನ್ನೇ ಪಡುತ್ತಾರೆ.

ಇನ್ನು ಹುಡುಕುವ ಬಗೆ. ಹೆಣ್ಣುಮಗಳ ವಿಳಾಸ ಎಷ್ಟು ಬಾರಿ ಬದಲಾದರೂ ಅವಳ ತವರಿನ ವಿಳಾಸ ಒಂದೇ. ಆ ಊರಿಗೆ ವಿಚಾರಿಸಿದರೆ ದಾರಿ ತೆರೆದೇ ತೀರುತ್ತದೆ. ಇದಕ್ಕೆ ಅತ್ಯಂತ ಪ್ರಶಸ್ತವಾದ ಕಾಲ ಭಾದ್ರಪದ ಶುದ್ಧ ತದಿಗೆಯ ಗೌರಿಹಬ್ಬದ ಆಚೀಚಿನ ವಾರ. ಆಗ ಮಗಳು ತವರಿಗೆ ಬಂದಿರುತ್ತಾಳೆ, ಇಲ್ಲವೆ ಅಣ್ಣನೋ ತಮ್ಮನೋ ಬಾಗಿನ ಕೊಡಲು ಅವಳ ಮನೆಗೆ ಹೋಗಿ ಬಂದಿರುತ್ತಾನೆ. ಎರಡರಲ್ಲಿ ಯಾವುದಾದರೂ ಅವಳ ಸುದ್ದಿ ಆ ಮನೆಯಲ್ಲಿ ಹೊಸದಾಗಿಯೇ ಇರುತ್ತದೆ. ತಂದೆ ತಾಯಿ ಕಾಲವಾಗಿ, ಮನೆ ಪಾಲಾಗಿ, ಅಣ್ಣತಮ್ಮಂದಿರೂ ಚದುರಿದ್ದರೆ ಆ ಹಳ್ಳಿಯ ಹಾಲಿನ ಡೇರಿಯಲ್ಲಿ ವಿಚಾರಿಸುವುದು ಒಳ್ಳೆಯ ಉಪಾಯ. ಬೆಳಿಗ್ಗೆ ಸಂಜೆ ಎರಡು ಹೊತ್ತೂ ಊರಿನ ಬಹುತೇಕ ಮನೆಗಳವರು ಕ್ಯಾನು ಹಿಡಿದು ಸೇರುವ ಸ್ಥಳವದು. ಯಾರ ಮಗಳು ಎಲ್ಲಿಗೆ ಸೇರಿದ್ದಾಳೆಂಬುದು ಅಂಚೆಯವನಿಗಿಂತ ಅಲ್ಲಿನ ಕಾರ್ಯದರ್ಶಿಗೆ ಹೆಚ್ಚು ಚೆನ್ನಾಗಿ ತಿಳಿದಿರುತ್ತದೆ.

ಫೋನಿನಲ್ಲಿ ಮಾತನಾಡುವ ಬಗೆಯೂ ಮುಖ್ಯ. ಅಪರಿಚಿತ ಧ್ವನಿಯೊಂದು ಮನೆಯ ಹೆಣ್ಣುಮಗಳ ನಂಬರನ್ನು ಕೇಳಿದರೆ ಯಾರಿಗಾದರೂ ಶಂಕೆ ಹುಟ್ಟುವುದು ಸಹಜ. “ಅಣ್ಣಾ, ನಾನು ನಿಮ್ಮ ತಂಗಿಯ ಜೊತೆ ಹಾಸನದಲ್ಲಿ ಓದಿದವಳು, ಚನ್ನರಾಯಪಟ್ಟಣದ ಕಡೆಯವಳು. ಅವಳ ನಂಬರು ಕೊಡಿ ಅಂತ ಕೇಳ್ತಿಲ್ಲ, ನನ್ನ ನಂಬರು ಬರ್ಕೊಳ್ಳಿ, ಅವಳಿಗೆ ಕೊಡಿ. ಮಾತಾಡಬೇಕು ಅನ್ನಿಸಿದರೆ ಅವಳೇ ಮಾಡಲಿ” ಎಂದರೆ ಸಾಕು; ಅಣ್ಣನ ಮನಸ್ಸೂ ಹಗುರವಾಗುತ್ತದೆ, ಮಾತನಾಡಬೇಕೋ ಬೇಡವೋ ಎಂಬ ಅಧಿಕಾರವೂ ಅವಳ ಕೈಯಲ್ಲಿಯೇ ಉಳಿಯುತ್ತದೆ. ಅತ್ತಿಗೆಯಾದವಳು ಫೋನೆತ್ತಿದರೆ ಕೆಲಸ ಇನ್ನೂ ಸುಲಭ. ಒಮ್ಮೆ ಸುದ್ದಿ ಮುಟ್ಟಿಸಿದ ಮೇಲೆ ಉತ್ತರ ಬಾರದಿದ್ದರೆ ಕೆಲವು ವಾರಗಳ ತರುವಾಯ ಇನ್ನೊಮ್ಮೆ ಜ್ಞಾಪಿಸಬಹುದು, ಅದಕ್ಕಿಂತ ಹೆಚ್ಚಾಗಿ ಬೆನ್ನುಹತ್ತುವುದು ಸ್ನೇಹದ ಲಕ್ಷಣವಲ್ಲ. ಹಳೆಯ ದಿನಗಳನ್ನು ನೆನೆಯಲು ಎಲ್ಲರಿಗೂ ಇಷ್ಟವಿರಬೇಕೆಂಬ ನಿಯಮವೇನೂ ಇಲ್ಲವಷ್ಟೆ.

ಹಾಸನ ಜಿಲ್ಲೆಯಲ್ಲಿ ಎದುರಾಗುವ ಒಂದು ತೊಡಕನ್ನು ಇಲ್ಲಿ ಹೇಳಬೇಕು. ಎಪ್ಪತ್ತರ ದಶಕದಲ್ಲಿ ಓದಿದವರ ರಿಜಿಸ್ಟರಿನಲ್ಲಿ ಬರೆದಿರುವ ಕೆಲವು ಊರುಗಳು ಇಂದು ಭೂಮಿಯ ಮೇಲಿಲ್ಲ. ಗೊರೂರಿನ ಬಳಿ ಹೇಮಾವತಿಗೆ ಕಟ್ಟಿದ ಅಣೆಕಟ್ಟು 1979ರಲ್ಲಿ ಮುಗಿದು, ಜಲಾಶಯದ ಹಿನ್ನೀರಿನಲ್ಲಿ ಹಲವು ಗ್ರಾಮಗಳು ಮುಳುಗಿದುವು. ಶೆಟ್ಟಿಹಳ್ಳಿಯ ಪಾಳುಬಿದ್ದ ಇಗರ್ಜಿಯನ್ನು ಮಳೆಗಾಲದಲ್ಲಿ ನೀರಿನ ನಡುವೆ ನೋಡಲು ಪ್ರವಾಸಿಗರು ಈಗ ದೂರದೂರದಿಂದ ಬರುತ್ತಾರಾದರೂ ಅದರ ಸುತ್ತಲಿನ ಮನೆಗಳವರು ಎಲ್ಲಿಗೆ ಹೋದರೆಂದು ಕೇಳುವವರು ವಿರಳ. ಅಂಥ ಊರಿನ ಸಹಪಾಠಿನಿಯ ವಿಷಯದಲ್ಲಿ ಹಳೆಯ ವಿಳಾಸಕ್ಕೆ ಕಾಗದ ಬರೆದು ಪ್ರಯೋಜನವಿಲ್ಲ. ಸಂತ್ರಸ್ತರಿಗೆ ಜಮೀನು ಕೊಟ್ಟು ನೆಲೆಗೊಳಿಸಿದ ಪುನರ್ವಸತಿ ಗ್ರಾಮಗಳಲ್ಲಿ ಹಳೆಯ ಊರಿನ ಹೆಸರನ್ನೂ ತಂದೆಯ ಹೆಸರನ್ನೂ ಹೇಳಿ ವಿಚಾರಿಸಬೇಕು. ಒಂದೂರಿನವರನ್ನು ಹತ್ತು ಕಡೆ ಹಂಚಿದ್ದರೂ ಮದುವೆ ಮುಂಜಿಗಳಲ್ಲಿ ಅವರು ಇಂದಿಗೂ ಕೂಡುತ್ತಾರಾದ್ದರಿಂದ ಈ ವಿಚಾರಣೆ ವ್ಯರ್ಥವಾಗುವ ಸಂಭವ ಕಡಮೆ.

ವಾಟ್ಸಾಪ್ ಗುಂಪಿನ ವಿಷಯದಲ್ಲಿ ನನಗೆ ಉತ್ಸಾಹ ಅಷ್ಟಕ್ಕಷ್ಟೇ ಎಂದು ಒಪ್ಪಿಕೊಳ್ಳುತ್ತೇನೆ. ಸುದ್ದಿ ಹರಡುವುದಕ್ಕೆ ಅದರಷ್ಟು ವೇಗದ ಸಾಧನ ಬೇರೊಂದಿಲ್ಲ, ನಿಜ. ಆದರೆ ಪ್ರಾತಃಕಾಲದ ಹೂವಿನ ಚಿತ್ರಗಳೂ ಮನೆಮದ್ದುಗಳೂ ರಾಜಕೀಯದ ತುಣುಕುಗಳೂ ಅದರಲ್ಲಿ ಸುರಿಯತೊಡಗಿದ ಮೇಲೆ ನಿಜವಾದ ಪ್ರಕಟಣೆ ಯಾರ ಕಣ್ಣಿಗೂ ಬೀಳುವುದಿಲ್ಲ. ಹರಟೆಗೆ ಒಂದು ಗುಂಪನ್ನೂ, ನಿರ್ವಾಹಕರು ಮಾತ್ರ ಬರೆಯಬಹುದಾದ ಪ್ರಕಟಣೆಗೆ ಇನ್ನೊಂದನ್ನೂ ಇಟ್ಟುಕೊಳ್ಳುವುದು ಲೇಸು. ಒಪ್ಪಿಗೆಯಿಲ್ಲದೆ ಯಾರನ್ನೂ ಗುಂಪಿಗೆ ಸೇರಿಸಬಾರದು. ಸ್ಮಾರ್ಟ್‌ಫೋನು ಮಗನ ಕೈಯಲ್ಲಿಯೋ ಸೊಸೆಯ ಕೈಯಲ್ಲಿಯೋ ಇರುವ ಮನೆಗಳು ಈ ತಾಲ್ಲೂಕುಗಳಲ್ಲಿ ಇನ್ನೂ ಬಹಳ. ಅಂಥವರಿಗೆ ಅಂಚೆಯ ಕಾರ್ಡಿನಲ್ಲಿ ಕೈಬರಹದ ಆಹ್ವಾನ ಹೋದರೆ ಅದು ಮನೆಯವರೆಲ್ಲರ ಕೈಯಲ್ಲಿ ಓದಿಸಿಕೊಂಡು, ಹೋಗಿ ಬರಲು ಅನುಮತಿಯನ್ನೂ ತಾನೇ ಸಂಪಾದಿಸಿಕೊಡುತ್ತದೆ.

ದಿನವನ್ನು ಗೊತ್ತುಮಾಡುವಾಗ ಪಂಚಾಂಗವನ್ನೂ ಬೆಳೆಯನ್ನೂ ಒಟ್ಟಿಗೆ ನೋಡಬೇಕು. ಆಶ್ವಯುಜದಲ್ಲಿ ಹಾಸನಾಂಬೆಯ ಬಾಗಿಲು ತೆರೆಯುವ ದಿನಗಳಲ್ಲಿ ಎಲ್ಲರೂ ಹೇಗೂ ಹಾಸನಕ್ಕೆ ಬರುತ್ತಾರೆ, ಆಗಲೇ ಸೇರಿಬಿಡೋಣ ಎಂಬ ಸಲಹೆ ಪ್ರತಿ ಸಭೆಯಲ್ಲಿಯೂ ಬಂದೇ ಬರುತ್ತದೆ. ಅದನ್ನು ನಯವಾಗಿ ತಳ್ಳಿಹಾಕತಕ್ಕದ್ದು. ವರ್ಷಕ್ಕೊಮ್ಮೆ ಕೆಲವೇ ದಿನ ದೊರೆಯುವ ದರ್ಶನಕ್ಕಾಗಿ ಲಕ್ಷಾಂತರ ಮಂದಿ ನೆರೆಯುವ ಆ ವೇಳೆಯಲ್ಲಿ ತಂಗಲು ಕೊಠಡಿಯಿರಲಿ, ವಾಹನ ನಿಲ್ಲಿಸಲು ಸ್ಥಳವೂ ಸಿಕ್ಕುವುದಿಲ್ಲ. ಮಾಘದಿಂದ ವೈಶಾಖದವರೆಗೆ ಲಗ್ನಗಳ ಕಾಲ, ಕಲ್ಯಾಣಮಂಟಪಗಳು ದೊರೆಯವು. ಮುಂಗಾರಿನಲ್ಲಿ ಆಲೂಗೆಡ್ಡೆಯ ಬಿತ್ತನೆಯೂ ಮಳೆಯೂ ಬಿಡುವು ಕೊಡವು. ಧನುರ್ಮಾಸವೇ ಎಲ್ಲ ವಿಧದಲ್ಲಿಯೂ ಅನುಕೂಲವೆಂದು ನನ್ನ ಅಭಿಪ್ರಾಯ. ವಿವಾಹಾದಿ ಶುಭಕಾರ್ಯಗಳಿಲ್ಲದ ಡಿಸೆಂಬರ್ ಮಧ್ಯದಿಂದ ಸಂಕ್ರಾಂತಿಯವರೆಗಿನ ಆ ತಿಂಗಳಲ್ಲಿ ಛತ್ರಗಳು ಬರಿದಾಗಿರುವುದರಿಂದ ಬಾಡಿಗೆಯಲ್ಲಿ ಮಾತನಾಡಲು ಅವಕಾಶವುಂಟು. ರಾಗಿಯ ಕುಯ್ಲು ಬಹುಮಟ್ಟಿಗೆ ಮುಗಿದಿರುತ್ತದೆ. ವರ್ಷಾಂತ್ಯದ ರಜೆಗೆ ಅಮೆರಿಕದಲ್ಲಿ ನೆಲಸಿದವರೂ ಊರಿಗೆ ಬಂದಿರುತ್ತಾರೆ. ಸೊಗಡಿನ ಅವರೆಕಾಯಿ ಸಂತೆಗೆ ಬಂದಿರುತ್ತದೆ. ಕ್ರೈಸ್ತ ಸಹಪಾಠಿನಿಯರಿದ್ದರೆ ಡಿಸೆಂಬರ್ 25ರ ಆಸುಪಾಸನ್ನು ಬಿಡುವುದೂ, ರಂಜಾನ್ ಮಾಸವು ವರ್ಷ ವರ್ಷವೂ ಹತ್ತು ಹನ್ನೊಂದು ದಿನ ಹಿಂದಕ್ಕೆ ಸರಿಯುವುದರಿಂದ ಆ ವರ್ಷ ಅದು ಎಲ್ಲಿ ಬಿದ್ದಿದೆಯೆಂದು ನೋಡಿಕೊಳ್ಳುವುದೂ ಅವಶ್ಯ. ಭಾದ್ರಪದದಲ್ಲಿ ಹುಡುಕಾಟ, ಕಾರ್ತಿಕದಲ್ಲಿ ಬರುವವರ ಖಚಿತಪಟ್ಟಿ, ಧನುರ್ಮಾಸದ ಒಂದು ಭಾನುವಾರ ಸಮ್ಮಿಲನ: ಈ ಕ್ರಮದಲ್ಲಿ ಯಾವುದಕ್ಕೂ ತರಾತುರಿಯಾಗುವುದಿಲ್ಲ.

ಸ್ಥಳವು ಸಾಧ್ಯವಾದಷ್ಟು ಕಾಲೇಜೇ ಆಗಿರಲಿ. ರೆಸಾರ್ಟುಗಳಲ್ಲಿ ಸೇರುವ ಅಭ್ಯಾಸ ಈಚೆಗೆ ಹೆಚ್ಚುತ್ತಿದೆ. ಅದರಲ್ಲಿ ತಪ್ಪೇನೂ ಇಲ್ಲವಾದರೂ ಅಲ್ಲಿಗೆ ಸ್ವಂತ ಕಾರಿಲ್ಲದೆ ತಲಪುವುದು ಕಷ್ಟ, ಮತ್ತು ಕಾರಿಲ್ಲದವಳು ತನಗೆ ಮೈ ಸರಿಯಿಲ್ಲವೆಂದು ಹೇಳಿ ಮನೆಯಲ್ಲಿಯೇ ಉಳಿದುಬಿಡುತ್ತಾಳೆ. ಹಾಸನವನ್ನು ಆರಿಸಿಕೊಂಡರೆ ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ಮೂರೂ ಮೂವತ್ತು ನಲವತ್ತು ಕಿಲೋಮೀಟರಿನ ಒಳಗೆ ಬರುತ್ತವೆ. ಬೆಂಗಳೂರಿನಿಂದ ಶ್ರವಣಬೆಳಗೊಳದ ಮಾರ್ಗವಾಗಿ 2017ರಲ್ಲಿ ಆರಂಭವಾದ ರೈಲುದಾರಿ ಚನ್ನರಾಯಪಟ್ಟಣವನ್ನು ಮುಟ್ಟಿ ಬರುತ್ತದೆ. ಮೈಸೂರಿನ ಕಡೆಯಿಂದ ಬರುವವರಿಗೆ ಹೊಳೆನರಸೀಪುರದ ಮೇಲೆ ರೈಲುಂಟು. ಅರಕಲಗೂಡಿಗೆ ರೈಲಿಲ್ಲ, ಅವರಿಗೆ ಬಸ್ಸೇ ಗತಿ. 2023ರ ಜೂನ್ 11ರಿಂದ ಜಾರಿಯಲ್ಲಿರುವ ಶಕ್ತಿ ಯೋಜನೆಯಂತೆ ಕರ್ನಾಟಕದ ನಿವಾಸಿಗಳಾದ ಮಹಿಳೆಯರು ವಿಳಾಸವಿರುವ ಗುರುತಿನ ಚೀಟಿ ತೋರಿಸಿ ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ರಾಜ್ಯದೊಳಗೆ ಉಚಿತವಾಗಿ ಪ್ರಯಾಣಿಸಬಹುದಾದುದು ಇಂಥ ಸಮಾವೇಶಗಳಿಗೆ ಒದಗಿದ ದೊಡ್ಡ ಉಪಕಾರ. ರಾಜಹಂಸ, ಹವಾನಿಯಂತ್ರಿತ ಬಸ್ಸುಗಳಿಗೆ ಇದು ಅನ್ವಯಿಸುವುದಿಲ್ಲವೆಂಬುದನ್ನು ಆಹ್ವಾನದಲ್ಲಿಯೇ ಬರೆದುಬಿಡುವುದು ಒಳ್ಳೆಯದು. ಹಳ್ಳಿಗಳ ಕಡೆಯ ಬಸ್ಸು ಬೇಗ ಹೊರಡುವುದರಿಂದ ಬೆಳಿಗ್ಗೆ ಹತ್ತಕ್ಕೆ ಆರಂಭಿಸಿ ನಾಲ್ಕಕ್ಕೆ ಮುಗಿಸಲೇಬೇಕು.

ಊಟದ ವಿಷಯದಲ್ಲಿ ಒಂದೇ ಮಾತು. ಗೃಹವಿಜ್ಞಾನ ಓದಿದವರೆಂಬ ಕಾರಣಕ್ಕೆ ಆ ದಿನವೂ ಅವರನ್ನೇ ಒಲೆಯ ಮುಂದೆ ನಿಲ್ಲಿಸತಕ್ಕದ್ದಲ್ಲ. “ನಾವೇ ಮಾಡಿದರೆ ಖರ್ಚು ಉಳಿಯುತ್ತೆ” ಎಂದು ಹೇಳುವ ಪುಣ್ಯಾತ್ಗಿತ್ತಿ ಒಬ್ಬಳು ಇದ್ದೇ ಇರುತ್ತಾಳೆ; ಅವಳನ್ನು ಗದರಿಸಿ ಕೂರಿಸಿ, ಅಡುಗೆಯನ್ನು ಭಟ್ಟರಿಗೋ ಕೇಟರಿಂಗಿನವರಿಗೋ ಒಪ್ಪಿಸಬೇಕು. ಹಿದುಕಿದವರೆಯ ಸಾರು, ಮುದ್ದೆ, ಅಕ್ಕಿರೊಟ್ಟಿ, ಒಂದು ಒಬ್ಬಟ್ಟು ಇದ್ದರೆ ಯಾರೂ ದೂರುವುದಿಲ್ಲ. ಸಕ್ಕರೆ ಕಾಯಿಲೆಯವರ ಸಂಖ್ಯೆ ಈ ವಯಸ್ಸಿನಲ್ಲಿ ಕಡಮೆಯಿರುವುದಿಲ್ಲವಾದ್ದರಿಂದ ಊಟ ಮಧ್ಯಾಹ್ನ ಒಂದು ಗಂಟೆಯನ್ನು ಮೀರಬಾರದು.

ಕಾರ್ಯಕ್ರಮವನ್ನು ರೂಪಿಸುವಾಗ ವೇದಿಕೆಯ ವ್ಯಾಮೋಹವನ್ನು ಹತೋಟಿಯಲ್ಲಿಡಬೇಕು. ನಮ್ಮಲ್ಲಿ ಇಂಥ ಸಮಾರಂಭಗಳಿಗೆ ‘ಗುರುವಂದನೆ ಮತ್ತು ಸ್ನೇಹ ಸಮ್ಮಿಲನ’ವೆಂದು ಫಲಕ ಬರೆಸುವುದು ರೂಢಿ, ಗುರುಗಳನ್ನು ಕರೆಯುವುದು ಉಚಿತವೇ, ಕರ್ತವ್ಯವೂ ಹೌದು. ಆದರೆ ಶಾಸಕರನ್ನೂ ದಾನಿಗಳನ್ನೂ ಕರೆದು, ಅವರ ಭಾಷಣಗಳನ್ನು ಕೇಳುತ್ತ ಮಧ್ಯಾಹ್ನವನ್ನು ಕಳೆದು, ಮಗ್ಗುಲಲ್ಲಿ ಕುಳಿತ ಗೆಳತಿಯೊಡನೆ ಎರಡು ಮಾತನಾಡಲಾರದೆ ಮನೆಗೆ ಮರಳುವುದಾದರೆ ಇಷ್ಟು ಹುಡುಕಾಟವೇಕೆ? ಗುರುವಂದನೆಗೆ ಒಂದು ಗಂಟೆ ಸಾಕು. ನಿವೃತ್ತರಾಗಿ ಮೈಸೂರಿನಲ್ಲಿ ನೆಲಸಿರುವ ವೃದ್ಧ ಅಧ್ಯಾಪಕಿಯರಿಗೆ ಕಾರಿನ ವ್ಯವಸ್ಥೆಯನ್ನೂ ಜೊತೆಗೊಬ್ಬರನ್ನೂ ಗೊತ್ತುಮಾಡಬೇಕು. ಹಾಸ್ಟೆಲಿನ ಅಡುಗೆಯಮ್ಮ, ಗ್ರಂಥಾಲಯದ ಸಹಾಯಕರು, ಗಂಟೆ ಹೊಡೆಯುತ್ತಿದ್ದ ಅಟೆಂಡರು, ಇವರನ್ನು ಮರೆಯದೆ ಕರೆದು ಗುರುಗಳ ಸಾಲಿನಲ್ಲಿಯೇ ಕೂರಿಸಬೇಕು.

ಪರಿಚಯದ ವೇಳೆಯಲ್ಲಿ ಪ್ರತಿಯೊಬ್ಬಳೂ ರಿಜಿಸ್ಟರಿನಲ್ಲಿದ್ದ ತನ್ನ ಹೆಸರನ್ನೂ ಊರನ್ನೂ ಹೇಳಲಿ, ಎದೆಯ ಮೇಲಿನ ಚೀಟಿಯಲ್ಲಿಯೂ ಅದೇ ಹೆಸರಿರಲಿ. ಒಂದು ತರಗತಿಯಲ್ಲಿ ನಾಲ್ವರು ಮಂಜುಳೆಯರಿದ್ದ ಕಾಲದಲ್ಲಿ ಅವರನ್ನು ಬೇರೆಬೇರೆಯಾಗಿ ಗುರುತಿಸುತ್ತಿದ್ದುದು ಊರಿನ ಹೆಸರಿನಿಂದಲೇ ಅಲ್ಲವೇ. ಪತಿಯ ಉದ್ಯೋಗ, ಮಕ್ಕಳ ಸಂಬಳ, ಮನೆಯ ಅಂತಸ್ತು ಇವುಗಳ ಪ್ರಶ್ನೆಯನ್ನು ನಿರೂಪಕಿಯು ಎತ್ತಬಾರದು. ವಿಧವೆಯರೂ ಅವಿವಾಹಿತೆಯರೂ ಪತಿಯಿಂದ ಬೇರ್ಪಟ್ಟವರೂ ಆ ಸಭೆಯಲ್ಲಿ ಇದ್ದೇ ಇರುತ್ತಾರೆ. ಬಾಗಿಲಿನಲ್ಲಿ ಅರಿಶಿನ ಕುಂಕುಮದ ತಟ್ಟೆ ಹಿಡಿದು ಕೆಲವರಿಗೆ ಕೊಟ್ಟು ಕೆಲವರ ಮುಂದೆ ತಡವರಿಸುವ ಪದ್ಧತಿಯನ್ನು ನಾನು ಎಷ್ಟೋ ಸಮಾರಂಭಗಳಲ್ಲಿ ಕಂಡು ತಲೆ ತಗ್ಗಿಸಿದ್ದೇನೆ. ಬರುವವರಿಗೆಲ್ಲ ಒಂದೇ ಬಗೆಯಾಗಿ ಒಂದು ಮೊಳ ಸೇವಂತಿಗೆಯನ್ನೋ ಗುಲಾಬಿಯನ್ನೋ ಕೊಟ್ಟರೆ ಈ ಸಂಕಟವೇ ಇಲ್ಲ. ತೀರಿಕೊಂಡ ಸಹಪಾಠಿನಿಯರ ಹೆಸರುಗಳನ್ನು ಓದಿ ಮೌನಾಚರಣೆ ಮಾಡುವ ಮುನ್ನ ಆ ಸುದ್ದಿಯನ್ನು ಎರಡು ಕಡೆಯಿಂದ ಖಚಿತಪಡಿಸಿಕೊಳ್ಳತಕ್ಕದ್ದು. ಬದುಕಿರುವವರು ಆ ಪಟ್ಟಿಗೆ ಸೇರಿಹೋದರೆ ಆಮೇಲೆ ಕೇಳುವ ಕ್ಷಮೆಗೆ ಬೆಲೆಯಿಲ್ಲ. ಚಿತ್ರಗಳನ್ನು ಫೇಸ್‌ಬುಕ್ಕಿಗೆ ಏರಿಸುವ ಮೊದಲು ಎಲ್ಲರನ್ನೂ ಕೇಳಬೇಕು. ಬೇಡವೆಂದವರಿಗೆ ಕಾರಣ ಕೇಳಬಾರದು.

ಹಣದ ವಿಷಯದಲ್ಲಿ ಎಲ್ಲರಿಗೂ ಸಮಾನ ವಂತಿಗೆ ಎಂಬುದು ನ್ಯಾಯವಾಗಿ ತೋರಿದರೂ ವ್ಯವಹಾರದಲ್ಲಿ ಅನ್ಯಾಯವೇ ಆಗುತ್ತದೆ. ಪ್ರಾಂಶುಪಾಲೆಯಾಗಿ ನಿವೃತ್ತಳಾದವಳೂ ಇಂದಿಗೂ ಕೂಲಿಗೆ ಹೋಗುವವಳೂ ಒಂದೇ ತರಗತಿಯಲ್ಲಿ ಓದಿದವರಾಗಿರಬಹುದು. ಕನಿಷ್ಠ ಮೊತ್ತವನ್ನು ಒಂದು ಹೊತ್ತಿನ ಊಟದ ವೆಚ್ಚಕ್ಕಿಂತ ಹೆಚ್ಚಾಗದಂತೆ ಇಟ್ಟು, ಉಳಿದುದನ್ನು ಶಕ್ತಿಯುಳ್ಳವರು ಖಜಾಂಚಿಗೆ ನೇರವಾಗಿ, ಪ್ರಕಟಣೆಯಿಲ್ಲದೆ ಕೊಡುವಂತೆ ಮಾಡಿದರೆ ಯಾರ ಮಾನಕ್ಕೂ ಕುಂದಿಲ್ಲ. ದಾನಿಗಳ ಹೆಸರು, ಮೊತ್ತಗಳನ್ನು ಧ್ವನಿವರ್ಧಕದಲ್ಲಿ ಕೂಗುವುದು ಕೂಡದು. ಹಣವು ಒಬ್ಬರ ಖಾತೆಗೆ ಬಂದರೂ ಲೆಕ್ಕ ಇಬ್ಬರ ಕೈಯಲ್ಲಿರಲಿ, ಅದೇ ಸಂಜೆ ಜಮಾಖರ್ಚು ಓದಿಬಿಡಲಿ.

ಒಮ್ಮೆ ಕೂಡಿದವರು ವರ್ಷಕ್ಕೊಮ್ಮೆಯಾದರೂ ಕೂಡಬೇಕೆಂದು ಹೇಳುವುದುಂಟು. ಐದು ವರ್ಷಕ್ಕೊಮ್ಮೆ ಎಂದಿಟ್ಟುಕೊಂಡರೆ ಮಾತು ಉಳಿಯುತ್ತದೆ. ಬಡ ವಿದ್ಯಾರ್ಥಿನಿಯರ ಶುಲ್ಕಕ್ಕೋ ಪುಸ್ತಕಕ್ಕೋ ನಿಧಿಯೊಂದನ್ನು ಸ್ಥಾಪಿಸುವ ಉದ್ದೇಶವಿದ್ದರೆ ಮಾತ್ರ ಸಂಘವನ್ನು ನೋಂದಾಯಿಸುವುದು ಸಾರ್ಥಕ. 1960ರ ಕರ್ನಾಟಕ ಸಂಘಗಳ ನೋಂದಣಿ ಅಧಿನಿಯಮದಂತೆ ಅದಕ್ಕೆ ಕನಿಷ್ಠ 7 ಮಂದಿ ಸದಸ್ಯರೂ ಉದ್ದೇಶಪತ್ರವೂ ನಿಯಮಾವಳಿಯೂ ಬೇಕು. ನೋಂದಾಯಿಸಿದ ಮೇಲೆ ವರ್ಷವರ್ಷವೂ ಲೆಕ್ಕಪತ್ರ ಸಲ್ಲಿಸುವ ಹೊಣೆಯೂ ಬರುವುದರಿಂದ, ಆ ಕೆಲಸಕ್ಕೆ ಬೇಸರಪಡದ ಒಬ್ಬ ಕಾರ್ಯದರ್ಶಿ ಸಿಕ್ಕುವವರೆಗೂ ಅವಸರ ಬೇಡ.

ಸಮ್ಮಿಲನದ ದಿನ ಹೊರಡುವ ಮುನ್ನ, ಇನ್ನೂ ಪತ್ತೆಯಾಗದವರ ಹೆಸರುಗಳನ್ನು ತಂದೆಯ ಹೆಸರು, ಊರುಗಳ ಸಹಿತ ಗಟ್ಟಿಯಾಗಿ ಓದಬೇಕು. ಫೋನಿನ ಮೇಲೆ ನೆನಪಾಗದ ಸಂಗತಿಗಳು ಅಲ್ಲಿ ನೆನಪಾಗುತ್ತವೆ: ಒಬ್ಬಳು ಪತ್ತೆಯಾಗದವಳ ತಂಗಿಯನ್ನು ರಾಮನಾಥಪುರದ ಜಾತ್ರೆಯಲ್ಲಿ ಕಂಡಿರುತ್ತಾಳೆ, ಇನ್ನೊಬ್ಬಳಿಗೆ ಅವಳ ಮೈದುನ ಕೊಣನೂರಿನ ಶಾಲೆಯಲ್ಲಿ ಮೇಷ್ಟ್ರಾಗಿದ್ದುದು ಗೊತ್ತಿರುತ್ತದೆ. ಹೀಗೆ ಬಂದ ಸುಳಿವುಗಳನ್ನು ಆಯಾ ಹೆಸರಿನ ಮುಂದೆ ಬರೆದು, ಪಟ್ಟಿಯನ್ನು ತಾಲ್ಲೂಕುವಾರು ನಾಲ್ಕಾಗಿ ಹರಿದು, ಆಯಾ ಕಡೆಯವರಿಗೆ ಒಬ್ಬೊಬ್ಬರಿಗೆ ಒಪ್ಪಿಸಿದರೆ, ಮುಂದಿನ ಗೌರಿಹಬ್ಬದ ಹೊತ್ತಿಗೆ ಅವರು ವಿಚಾರಿಸಿಕೊಂಡು ಬರುತ್ತಾರೆ.